ಕೋಟೆಯಾದ ಹಳ್ಳಿಯ ಮೇಲೆ ಟ್ಯಾಂಕು–ಕಾಲಾಳು ದಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಎನ್‌ಸಿಸಿ ಹುಡುಗ ಹುಡುಗಿಯರು, ಇತಿಹಾಸದ ಮೇಷ್ಟ್ರುಗಳು, ಮಿಲಿಟರಿಯಿಂದ ನಿವೃತ್ತರಾಗಿ ಊರಿಗೆ ಬಂದವರ ಮನೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಮುಖ್ಯ ಉದಾಹರಣೆ ಮೊದಲ ಮಹಾಯುದ್ಧದಲ್ಲಿ ಜರ್ಮನರ ಕೈಯಲ್ಲಿದ್ದ ಫ್ರಾನ್ಸಿನ ಹಾಮೆಲ್ ಹಳ್ಳಿ, 1918. ಜೊತೆಗೆ ಅದಕ್ಕೂ ಮೊದಲು ಕೆಟ್ಟುಹೋದ ಎರಡು ದಾಳಿಗಳು, ಬರ್ಮಾ, ಬಸಂತರ್, ಮತ್ತು ನಮ್ಮದೇ ತುಂಗೆಯ ದಡ. ಎಲ್ಲ ಉತ್ತರಗಳೂ ಸುತ್ತಿ ಸುತ್ತಿ ಒಂದೇ ಅಳತೆಗೆ ಬರುತ್ತವೆ: ಟ್ಯಾಂಕಿಗೂ ಅದರ ಹಿಂದೆ ನಡೆಯುವ ಸಿಪಾಯಿಗೂ ನಡುವೆ ಎಷ್ಟು ಗಜ ಇತ್ತು?

ಹಳ್ಳಿಯನ್ನೇ ಯಾಕೆ ಕೋಟೆ ಮಾಡಿಕೊಳ್ಳುತ್ತಾರೆ? ಬಯಲಲ್ಲಿ ಟ್ರೆಂಚು ತೋಡಿದರೆ ಸಾಲದೇ?

ಹಳ್ಳಿಯಲ್ಲಿ ಮೂರು ವಸ್ತು ಪುಕ್ಕಟೆ ಸಿಗುತ್ತವೆ: ನೆಲಮಾಳಿಗೆ, ಗೋಡೆ, ಕೂಡುರಸ್ತೆ. ಉತ್ತರ ಫ್ರಾನ್ಸಿನ ಮನೆಗಳಿಗೆ ನೆಲಮಾಳಿಗೆ ಸಾಮಾನ್ಯ. ಫಿರಂಗಿ ಹೊಡೆತಕ್ಕೆ ಮೇಲಿನ ಮನೆ ಕುಸಿದಷ್ಟೂ ಆ ಮಾಳಿಗೆಯ ತಲೆಯ ಮೇಲಿನ ಇಟ್ಟಿಗೆ ರಾಶಿ ದಪ್ಪವಾಗುತ್ತದೆ. ಹೀಗಾಗಿ ಪುಡಿಯಾದ ಹಳ್ಳಿ ಹಲವು ಸಲ ನಿಂತ ಹಳ್ಳಿಗಿಂತ ಗಟ್ಟಿ. ಇನ್ನು ರಸ್ತೆಗಳು ಕೂಡುವ ಜಾಗ ಹಿಡಿದವನ ಕೈಯಲ್ಲಿ ಸುತ್ತಲಿನ ಸರಬರಾಜೂ ಇರುತ್ತದೆ.

ಮೆಷಿನ್ ಗನ್ನನ್ನು ಊರಬಾಗಿಲಿಗೆ ಮುಖ ಮಾಡಿ ಇಡುತ್ತಾರೆ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಅನುಭವಿ ಕಾವಲಿನವರು ಹಾಗೆ ಇಡುವುದಿಲ್ಲ. ಊರಿನ ಒಂದು ಮೂಲೆಯಲ್ಲಿ ಕೂತ ಗನ್ನು ಇನ್ನೊಂದು ಮೂಲೆಯ ಮುಂದಿನ ತಂತಿಬೇಲಿಯ ಉದ್ದಕ್ಕೂ ಹೊಡೆಯುವ ಹಾಗೆ ಅಡ್ಡಡ್ಡ ಕೂರಿಸುತ್ತಾರೆ. ಎದುರಿನಿಂದ ಬರುವವನಿಗೆ ಆ ಗನ್ನಿನ ಕಿಂಡಿ ಕಾಣುವುದೇ ಇಲ್ಲ, ಸಾಲಿನ ಪಕ್ಕದಿಂದ ಗುಂಡು ಬರುತ್ತದೆ. ಈ ಗನ್ನನ್ನು ಸುಮ್ಮನಾಗಿಸುವುದಕ್ಕೇ ಟ್ಯಾಂಕು ಹುಟ್ಟಿದ್ದು.

ಟ್ಯಾಂಕು ಇದ್ದಮೇಲೆ ಕಾಲಾಳು ಯಾಕೆ ಬೇಕು?

ಟ್ಯಾಂಕಿನ ಒಳಗಿನವನಿಗೆ ಸರಿಯಾಗಿ ಕಣ್ಣಿಲ್ಲ, ಕಿವಿಯಂತೂ ಇಲ್ಲವೇ ಇಲ್ಲ. ಕಿಂಡಿಯಿಂದ ಒಂದು ಪಟ್ಟಿಯಷ್ಟು ಲೋಕ ಕಾಣುತ್ತದೆ. ಹತ್ತು ಹೆಜ್ಜೆ ದೂರದ ಗುಂಡಿಯಲ್ಲಿ ಕೂತವನು ಕಾಣುವುದಿಲ್ಲ. ಟ್ಯಾಂಕು ತಂತಿ ತುಳಿಯಬಲ್ಲದು, ಗನ್ನಿನ ಗೂಡು ಒಡೆಯಬಲ್ಲದು. ಮಾಳಿಗೆಗೆ ಇಳಿಯಲಾರದು, ಸೆರೆ ಹಿಡಿಯಲಾರದು, ಜಾಗ ಕಾಯಲಾರದು. ಕಾಲಾಳಿಗೆ ಇದೆಲ್ಲ ಆಗುತ್ತದೆ, ಆದರೆ ತಂತಿಯ ಮುಂದೆ ಅವನು ಬದುಕುಳಿಯುವುದಿಲ್ಲ.

ಬುಲೆಕೂರ್‌ನಲ್ಲಿ ಟ್ಯಾಂಕು ಇದ್ದೂ ಸೋತರಲ್ಲ?

1917ರ ಏಪ್ರಿಲ್ 11. ಹಿಂಡೆನ್‌ಬರ್ಗ್ ಸಾಲು ಎಂಬ ಜರ್ಮನರ ರಕ್ಷಣಾ ಸಾಲಿಗೆ ಹೆಣೆದ, ಫ್ರಾನ್ಸಿನ ಬುಲೆಕೂರ್ ಹಳ್ಳಿಯ ಮೇಲೆ 4ನೇ ಆಸ್ಟ್ರೇಲಿಯನ್ ಡಿವಿಷನ್ ನುಗ್ಗಿತು. ತಂತಿ ಕಡಿಯುವ ಕೆಲಸವನ್ನು ಫಿರಂಗಿಯ ಬದಲು ಹತ್ತು ಹನ್ನೊಂದು ಟ್ಯಾಂಕುಗಳಿಗೆ ಒಪ್ಪಿಸಿದ್ದರು. ಹಿಂದಿನ ದಿನವೇ ಆಗಬೇಕಿದ್ದ ದಾಳಿ ಟ್ಯಾಂಕುಗಳು ಹೊತ್ತಿಗೆ ಬಾರದೆ ನಿಂತಿತ್ತು, ಎದುರಿನವರು ಎಚ್ಚೆತ್ತಿದ್ದರು. ಮರುದಿನ ನೆಲದ ಮೇಲೆ ಹಿಮ. ಬಿಳಿ ನೆಲದ ಮೇಲೆ ಕಪ್ಪು ಟ್ಯಾಂಕು ಎದ್ದು ಕಾಣುತ್ತಿತ್ತು. ಕೆಲವು ಕೆಟ್ಟು ನಿಂತವು, ಕೆಲವು ಹೊಡೆತ ತಿಂದವು, ಬಹುಪಾಲು ತಂತಿಯವರೆಗೂ ಹೋಗಲಿಲ್ಲ. ಕಾಲಾಳು ಟ್ಯಾಂಕಿಗೆ ಕಾಯದೆ ತಂತಿಯ ಸಂದುಗಳಲ್ಲಿ ನುಸುಳಿ ಟ್ರೆಂಚು ಹಿಡಿದರೂ, ಕೈಬಾಂಬು ಮುಗಿದು ಹಿಂದೆ ಸರಿಯಬೇಕಾಯಿತು. ಡಿವಿಷನ್ 3,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು, ಅದರಲ್ಲಿ 1,170 ಮಂದಿ ಸೆರೆ.

ತಪ್ಪು ಟ್ಯಾಂಕಿನದ್ದು ಎನ್ನುವುದು ಅರ್ಧ ಉತ್ತರ. ಯಂತ್ರ ಕೆಟ್ಟರೆ ಏನು ಎನ್ನುವುದಕ್ಕೆ ಬದಲಿ ವ್ಯವಸ್ಥೆಯನ್ನೇ ಇಡಲಿಲ್ಲ, ಫಿರಂಗಿಯ ಪರದೆಯೂ, ಅಂದರೆ ಕಾಲಾಳಿನ ಮುಂದೆ ಮುಂದೆ ಸರಿಯುತ್ತಾ ಬೀಳುವ ಗುಂಡಿನ ಸಾಲೂ, ಇರಲಿಲ್ಲ. ಈ ಸೋಲಿನ ಕಹಿ ಆಸ್ಟ್ರೇಲಿಯನ್ನರಲ್ಲಿ ಒಂದು ವರ್ಷ ಉಳಿದಿತ್ತು. ಅದನ್ನು ಕಳೆಯುವುದೇ ಹಾಮೆಲ್‌ನ ಮೊದಲ ಕೆಲಸವಾಯಿತು.

ಹಾಮೆಲ್ 93 ನಿಮಿಷದಲ್ಲಿ ಹೇಗೆ ಬಿತ್ತು?

1918ರ ಜುಲೈ 4, ನಸುಕಿನ 3.10. ಆಸ್ಟ್ರೇಲಿಯನ್ ಕೋರ್‌ನ ಕಮಾಂಡರ್ ಜಾನ್ ಮೊನಾಶ್, ಉದ್ಯೋಗದಲ್ಲಿ ಸಿವಿಲ್ ಎಂಜಿನಿಯರ್, ಯೋಜಿಸಿದ್ದು 90 ನಿಮಿಷಕ್ಕೆ. 3 ನಿಮಿಷ ಹೆಚ್ಚಾಯಿತು. ಯುದ್ಧದಲ್ಲಿ ಯೋಜನೆಯ ಗಡಿಯಾರ ಇಷ್ಟು ಕರಾರುವಾಕ್ಕಾಗಿ ನಡೆದದ್ದು ಅಪರೂಪ.

ಕೆಲಸ ಶುರುವಾದದ್ದು ಹಿಂದಿನ ವಾರಗಳಲ್ಲಿ. ಬೆಟಾಲಿಯನ್‌ಗಳನ್ನು ಬಸ್ಸಿನಲ್ಲಿ ವೋ ಎಂಬ ಹಳ್ಳಿಗೆ ಕರೆದೊಯ್ದು ಟ್ಯಾಂಕಿನವರ ಜೊತೆ ಬಿಟ್ಟರು. ಸಿಪಾಯಿಗಳು ಟ್ಯಾಂಕು ಹತ್ತಿ ಸವಾರಿ ಮಾಡಿದರು, ಅಣಕು ಗನ್ ಗೂಡಿನ ಮೇಲೆ ಟ್ಯಾಂಕು ಹತ್ತಿಸಿ ಅರೆದು ತೋರಿಸಿದರು. ಯಾವ ಬೆಟಾಲಿಯನ್ನಿಗೆ ಯಾವ ಟ್ಯಾಂಕು ಎಂದು ಮೊದಲೇ ಗೊತ್ತುಮಾಡಿ, ಆ ಬೆಟಾಲಿಯನ್ನಿನ ಬಣ್ಣವನ್ನೇ ಟ್ಯಾಂಕಿಗೆ ಬಳಿದರು. ಎಲ್ಲಕ್ಕಿಂತ ಮುಖ್ಯವಾಗಿ, ದಾಳಿಯ ಹೊತ್ತಿನಲ್ಲಿ ಟ್ಯಾಂಕು ಕಾಲಾಳಿನ ಅಧಿಕಾರಿಯ ಮಾತು ಕೇಳಬೇಕು ಎಂದು ನಿಯಮವಾಯಿತು.

ಬಲ ಎಷ್ಟು? 60 ಮಾರ್ಕ್ 5 ಟ್ಯಾಂಕು, ಸಾಮಾನು ಹೊರುವ 4 ಟ್ಯಾಂಕು, 600ಕ್ಕೂ ಮೀರಿದ ಫಿರಂಗಿಗಳು, ಸುಮಾರು 7,000 ಆಸ್ಟ್ರೇಲಿಯನ್ನರು, ಸುಮಾರು 1,000 ಅಮೆರಿಕನ್ನರು. ಜುಲೈ 4 ಆರಿಸಿದ್ದು ಅಮೆರಿಕನ್ನರ ಸ್ವಾತಂತ್ರ್ಯ ದಿನವೆಂದು.

ಮೋಸದ ಏರ್ಪಾಟೂ ಇತ್ತು. ಹಿಂದಿನ ರಾತ್ರಿಗಳಲ್ಲಿ ಫಿರಂಗಿಯವರು ಹೊಗೆ ಮತ್ತು ವಿಷಾನಿಲದ ಗುಂಡನ್ನು ಬೆರೆಸಿ ಹೊಡೆದು ಎದುರಿನವರಿಗೆ ರೂಢಿ ಮಾಡಿಸಿದರು. ದಾಳಿಯ ದಿನ ಅನಿಲ ಬಿಟ್ಟು ಹೊಗೆ ಮಾತ್ರ. ಜರ್ಮನರು ಎಂದಿನಂತೆ ಮುಖವಾಡ ಹಾಕಿಕೊಂಡು ಕೂತರು. ಮುಖವಾಡದೊಳಗಿಂದ ಗುರಿ ಹಿಡಿಯುವುದು ಕಷ್ಟ. ಮೇಲೆ ವಿಮಾನ ಹಾರಿಸಿ ಟ್ಯಾಂಕಿನ ಎಂಜಿನ್ ಸದ್ದನ್ನು ಮುಚ್ಚಿದರು.

ಗುಂಡಿನ ಪರದೆಯ ಹಿಂದೆ ಎಷ್ಟು ಹತ್ತಿರ ನಡೆಯಬೇಕು?

ಹಾಮೆಲ್‌ನಲ್ಲಿ ಮೊದಲ ಗುಂಡುಗಳು ಹೊರಡುವ ಗೆರೆಯಿಂದ 200 ಗಜ ಮುಂದೆ ಬಿದ್ದವು. ಆಮೇಲೆ ಪರದೆ 3 ನಿಮಿಷಕ್ಕೊಮ್ಮೆ 100 ಗಜ ಸರಿಯಿತು. ಕಾಲಾಳು ಅದಕ್ಕೆ 75 ಗಜದಷ್ಟು ಹತ್ತಿರ ಹೋಗುತ್ತಿದ್ದರು. ಪರದೆ ದಾಟಿದ ಮೇಲೆ ಗನ್ನಿನವನು ತಲೆಯೆತ್ತಿ, ಗನ್ನು ಮೇಲಕ್ಕೆ ತಂದು, ಬೆಲ್ಟು ಹಾಕಿ ಹೊಡೆಯಲು ಒಂದೆರಡು ನಿಮಿಷ ಬೇಕು. ಆ ಒಂದೆರಡು ನಿಮಿಷದೊಳಗೆ ಅವನ ಮೇಲಿರಬೇಕು.

ಹತ್ತಿರ ನಡೆಯುವುದಕ್ಕೂ ಬೆಲೆಯಿದೆ. ಸವೆದ ನಳಿಗೆಯ ಒಂದು ಫಿರಂಗಿ ಸಾಕು, ಗುಂಡು ಗಿಡ್ಡ ಬೀಳುತ್ತದೆ. ಹಾಮೆಲ್‌ನಲ್ಲೂ ಹೀಗೆ ತಮ್ಮವರ ಗುಂಡಿಗೆ ತಮ್ಮವರೇ ಸತ್ತರು. ಹಾಗಿದ್ದರೂ ಹಿಂದೆ ಉಳಿದು ಮೆಷಿನ್ ಗನ್ನಿಗೆ ಸಿಕ್ಕುವುದಕ್ಕಿಂತ ಇದರಲ್ಲಿ ಸಾವು ಕಡಿಮೆ ಎಂಬ ಲೆಕ್ಕ ಆ ಹೊತ್ತಿಗೆ ಎಲ್ಲ ಸೇನೆಗಳಿಗೂ ಗೊತ್ತಾಗಿತ್ತು.

ಹಾಮೆಲ್‌ನಲ್ಲಿ ಏನೂ ಕೆಡಲಿಲ್ಲವೇ?

ಕೆಟ್ಟಿತು. ಪಿಯರ್ ಟ್ರೆಂಚ್ ಎಂಬ ಕಾವಲಿನ ಮುಂದೆ ಟ್ಯಾಂಕುಗಳು ಹೊತ್ತಿಗೆ ಬರಲಿಲ್ಲ, ತಂತಿಯೂ ಕಡಿದಿರಲಿಲ್ಲ. ಆದರೆ ಬುಲೆಕೂರ್ ಮರುಕಳಿಸಲಿಲ್ಲ. ಇಲ್ಲಿ ಕಾಲಾಳಿನ ಕೈಯಲ್ಲೇ ಲೂಯಿಸ್ ಗನ್ನುಗಳಿದ್ದವು (ಹೊತ್ತು ನಡೆಯಬಹುದಾದ ಹಗುರ ಮೆಷಿನ್ ಗನ್ನು), ಸೊಂಟದಿಂದಲೇ ಹೊಡೆಯುತ್ತಾ ಒಳಹೊಕ್ಕರು. ಒಂದು ಅಂಗ ತಡವಾದರೆ ಇನ್ನೊಂದು ನಿಲ್ಲಬಾರದು ಎನ್ನುವುದನ್ನು ಯೋಜನೆಯಲ್ಲೇ ಹೆಣೆದಿದ್ದರು. ಮಿತ್ರಪಕ್ಷದ ಸಾವು ನೋವು ಸುಮಾರು 1,400, ಸೆರೆ ಸಿಕ್ಕ ಜರ್ಮನರು ಸುಮಾರು 1,600. ಕೆಲವೇ ಟ್ಯಾಂಕುಗಳು ನಿಂತುಹೋದವು.

ಫ್ಲೆಸ್ಕಿಯೇರ್ ಹಳ್ಳಿಯಲ್ಲಿ ಒಬ್ಬನೇ ಜರ್ಮನ್ ಅಧಿಕಾರಿ ಟ್ಯಾಂಕುಗಳನ್ನೆಲ್ಲ ಹೊಡೆದನಂತೆ, ನಿಜವೇ?

ಕಥೆ ಚೆಂದ, ನಂಬಬೇಡಿ. 1917ರ ನವೆಂಬರ್ 20ರ ಕಾಂಬ್ರೇ ಯುದ್ಧದಲ್ಲಿ ಎಲ್ಲ ಕಡೆ ಸಾಲು ಮುರಿದರೂ ಫ್ಲೆಸ್ಕಿಯೇರ್ ಮಾತ್ರ ನಿಂತಿತು. ಬ್ರಿಟಿಷ್ ಸೇನಾಪತಿ ಹೇಗ್ ತಮ್ಮ ವರದಿಯಲ್ಲೇ ಆ ಒಂಟಿ ಅಧಿಕಾರಿಯನ್ನು ಹೊಗಳಿದ್ದರಿಂದ ಕಥೆ ಬೆಳೆಯಿತು. ಅಲ್ಲಿದ್ದದ್ದು ಟ್ಯಾಂಕು ಹೊಡೆಯುವ ಅಭ್ಯಾಸ ಮಾಡಿದ್ದ ಹಲವು ಫಿರಂಗಿಗಳು. ದಿಬ್ಬದ ಹಿಂಬದಿಯ ಇಳಿಜಾರಿನಲ್ಲಿ ಕೂತು, ದಿಬ್ಬ ಹತ್ತಿ ಹೊಟ್ಟೆ ತೋರಿಸುವ ಟ್ಯಾಂಕನ್ನು ಒಂದೊಂದಾಗಿ ಹೊಡೆದವು.

ಆ ಫಿರಂಗಿಯ ಆಳುಗಳನ್ನು ಬಂದೂಕಿನಿಂದ ಓಡಿಸಬೇಕಿದ್ದ ಕಾಲಾಳು ಎಲ್ಲಿದ್ದರು? 51ನೇ ಹೈಲ್ಯಾಂಡ್ ಡಿವಿಷನ್ನಿನ ಕಮಾಂಡರ್ ಹಾರ್ಪರ್ ತಮ್ಮವರನ್ನು ಟ್ಯಾಂಕಿನಿಂದ 100 ಗಜಕ್ಕೂ ಹಿಂದೆ ಇಟ್ಟಿದ್ದರು. ಅಷ್ಟು ಹಿಂದಿನಿಂದ ಬಂದವರಿಗೆ, ಎತ್ತರದ ಹುಲ್ಲಿನಲ್ಲಿ, ಟ್ಯಾಂಕು ತುಳಿದ ತಂತಿಯ ಸಂದುಗಳೇ ಸಿಗಲಿಲ್ಲ. ಹಾರ್ಪರ್ ಒಬ್ಬರ ಮೇಲೇ ಎಲ್ಲ ಹೊರಿಸುವುದು ಸರಿಯಲ್ಲ, ಫಿರಂಗಿಗಳು ಕೂತ ಜಾಗವೇ ಹಾಗಿತ್ತು. ಆದರೂ ಆ 100 ಗಜ ದುಬಾರಿಯಾಯಿತು.

ಅಗಲ ಕಂದಕವನ್ನು ಟ್ಯಾಂಕು ಹೇಗೆ ದಾಟುತ್ತದೆ?

ಮಾರ್ಕ್ 4 ಟ್ಯಾಂಕು ಸುಮಾರು 10 ಅಡಿ ಕಂದಕ ದಾಟುತ್ತಿತ್ತು. ಇದು ತಿಳಿದ ಜರ್ಮನರು ಹಿಂಡೆನ್‌ಬರ್ಗ್ ಸಾಲಿನ ಕಂದಕವನ್ನು ಅದಕ್ಕಿಂತ ಅಗಲ ತೋಡಿದರು. ಬ್ರಿಟಿಷರ ಉತ್ತರ ಸೌದೆ ಹೊರೆ. ಸೌದೆಯ ಸುಮಾರು 75 ಕಟ್ಟುಗಳನ್ನು ಸೇರಿಸಿ, ಟ್ಯಾಂಕುಗಳಿಂದಲೇ ಎಳೆಸಿ ಸರಪಳಿ ಬಿಗಿದು, ನಾಲ್ಕೂವರೆ ಅಡಿ ದಪ್ಪ, 10 ಅಡಿ ಉದ್ದದ ಒಂದೇ ಹೊರೆ ಮಾಡುತ್ತಿದ್ದರು. ತೂಕ ಸುಮಾರು 1.75 ಟನ್. ಅದನ್ನು ಟ್ಯಾಂಕಿನ ತಲೆಯ ಮೇಲೆ ಹೊತ್ತು ಹೋಗಿ ಕಂದಕಕ್ಕೆ ಉರುಳಿಸಿ ಮೇಲೆ ಹತ್ತಿ ಹೋಗುವುದು. ಒಂದು ಟ್ಯಾಂಕಿಗೆ ಒಂದೇ ಹೊರೆ. ಆದ್ದರಿಂದ ಮೂರು ಟ್ಯಾಂಕಿನ ಗುಂಪು ಮೂರು ಕಂದಕ ದಾಟಬಹುದು, ನಾಲ್ಕನೆಯದರ ಮುಂದೆ ನಿಲ್ಲಬೇಕು.

ತಂತಿ ಮತ್ತು ಮೈನು?

ತಂತಿಗೆ ಬೆಂಗಳೂರೇ ಒಂದು ಉತ್ತರ ಕೊಟ್ಟಿದೆ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ಮಾಡಿದ ಕೊಳವೆ ಇಂದಿಗೂ ಜಗತ್ತಿನ ಸೇನೆಗಳಲ್ಲಿ ಬೆಂಗಳೂರ್ ಟಾರ್ಪೆಡೊ ಎಂದೇ ಕರೆಸಿಕೊಳ್ಳುತ್ತದೆ. ತುಂಡು ತುಂಡು ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ತಂತಿಯ ಅಡಿಗೆ ತಳ್ಳಿ ಸಿಡಿಸಿದರೆ ಆಳು ನುಸುಳುವಷ್ಟು ದಾರಿಯಾಗುತ್ತದೆ. ಟ್ಯಾಂಕಿಗೆ ಅಷ್ಟು ಸಾಲದು.

ಮೈನು ದೊಡ್ಡ ತಲೆನೋವು, ಏಕೆಂದರೆ ಅದು ಟ್ಯಾಂಕನ್ನೂ ಕಾಲಾಳನ್ನೂ ಬೇರೆ ಮಾಡುತ್ತದೆ. ಕಾಲಾಳು ಎಚ್ಚರಿಕೆಯಿಂದ ದಾಟಿ ಹಳ್ಳಿ ಹಿಡಿದಿರುತ್ತಾರೆ, ಟ್ಯಾಂಕು ಆಚೆಯೇ ಉಳಿದಿರುತ್ತದೆ. ಎದುರಿನವರ ಟ್ಯಾಂಕು ಮರುದಾಳಿ ಮಾಡುವುದು ಸರಿಯಾಗಿ ಆ ಹೊತ್ತಿಗೆ. 1971ರ ಡಿಸೆಂಬರ್‌ನಲ್ಲಿ ಶಕರ್‌ಗಢ ಕ್ಷೇತ್ರದ ಬಸಂತರ್ ನದಿ ದಾಟಿ ನಮ್ಮ ಕಾಲಾಳು ಬೆಟಾಲಿಯನ್ 3 ಗ್ರೆನೇಡಿಯರ್ಸ್ ಪಾಕಿಸ್ತಾನದ ಜರ್ಪಾಲ್ ಹಳ್ಳಿ ಹಿಡಿದಾಗ ಇದೇ ಪರಿಸ್ಥಿತಿ. ಎಂಜಿನಿಯರುಗಳು ಮೈನು ತೆಗೆದು ದಾರಿ ಮಾಡುವುದು ಇನ್ನೂ ಮುಗಿದಿರಲಿಲ್ಲ. ಟ್ಯಾಂಕು ರೆಜಿಮೆಂಟ್ 17 ಹಾರ್ಸ್ ಕಾಯಲಿಲ್ಲ, ಉಳಿದ ಮೈನುಗಳ ನಡುವೆಯೇ ಸೆಂಚೂರಿಯನ್ ಟ್ಯಾಂಕುಗಳನ್ನು ಹಾಯಿಸಿ ಗ್ರೆನೇಡಿಯರ್ಸ್ ಪಕ್ಕಕ್ಕೆ ತಂದಿತು. ಆ ಯುದ್ಧದಲ್ಲಿ ಗ್ರೆನೇಡಿಯರ್ಸ್‌ನ ಮೇಜರ್ ಹೋಶಿಯಾರ್ ಸಿಂಗ್ ಅವರಿಗೂ 17 ಹಾರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರಿಗೂ, ಅಂದರೆ ಒಬ್ಬ ಕಾಲಾಳಿಗೂ ಒಬ್ಬ ಟ್ಯಾಂಕಿನವರಿಗೂ, ಪರಮವೀರ ಚಕ್ರ ಬಂತು. ಖೇತ್ರಪಾಲ್ ಅವರಿಗೆ ಮರಣೋತ್ತರವಾಗಿ.

ನಮ್ಮ ಮಲೆನಾಡಿನ ಹಳ್ಳಿಗೆ ಇಂಥ ದಾಳಿ ಸಾಧ್ಯವೇ?

ಎನ್‌ಸಿಸಿ ಹುಡುಗರು ಕೇಳಿಯೇ ಕೇಳುತ್ತಾರೆ, ಒಳ್ಳೆಯ ಪ್ರಶ್ನೆ ಕೂಡ. ಟಿ-72 ಟ್ಯಾಂಕು ಹಿಡಿದು ಲೆಕ್ಕ ಹಾಕಿ. ತೂಕ 41 ಟನ್, ದಾಟುವ ಕಂದಕ ಸುಮಾರು 2.8 ಮೀಟರ್, ಹತ್ತುವ ನೆಟ್ಟನೆಯ ಮೆಟ್ಟಿಲು ಸುಮಾರು 0.85 ಮೀಟರ್.

ತೋಟದ ಸುತ್ತಿನ ಅಗಳು ಅದಕ್ಕೆ ಲೆಕ್ಕಕ್ಕಿಲ್ಲ, ದಾಟಿಬಿಡುತ್ತದೆ. ಅರಣ್ಯ ಇಲಾಖೆಯ ಆನೆ ಕಂದಕ ಸುಮಾರು 3 ಮೀಟರ್ ಅಗಲ, 3 ಮೀಟರ್ ಆಳ. ಅದಕ್ಕೆ ಮೂತಿ ಬೀಳುತ್ತದೆ. ಮನೆಯ ಹಿಂದಿನ ದರೆ ಆಳೆತ್ತರ ಇದ್ದರೆ ಹತ್ತಲಾರದು. ಜಂಬುಮಣ್ಣಿನ ಬ್ಯಾಣ ಬೇಸಿಗೆಯಲ್ಲಿ ರಸ್ತೆಯಷ್ಟೇ ಗಟ್ಟಿ. ಅದೇ ಜೂನ್ ಕಳೆದ ಮೇಲೆ ಗದ್ದೆಗೆ ಇಳಿದರೆ ಮುಗಿಯಿತು. ಅಗಳು ತೆಗೆಯಲು ಬರುವ 20 ಟನ್ನಿನ ಹಿಟಾಚಿಯನ್ನೇ ಕೆಸರುಗದ್ದೆಗೆ ಇಳಿಸಲು ಡ್ರೈವರು ಹತ್ತು ಸಲ ಯೋಚಿಸುತ್ತಾನೆ, ಇದು ಅದರ ಎರಡರಷ್ಟು. ಹಳೆಯ ಮೋರಿ, ಸಂಕಗಳ ಮಾತೇ ಬೇಡ.

ಇನ್ನೊಂದು ಅಡ್ಡಿ ಊರಿನ ಆಕಾರ. ಮಲೆನಾಡಿನ ಹಳ್ಳಿ ಒಂದೆಡೆ ಗುಂಪಾಗಿಲ್ಲ. ಗುಡ್ಡಕ್ಕೊಂದು ಮನೆ, ನಡುವೆ ತೋಟ, ಕಾನು. ಹಿಡಿಯುವುದಕ್ಕೆ ಒಂದು ನಡುಮಧ್ಯವೇ ಇಲ್ಲ. ಹಾಮೆಲ್ ಮಾದರಿ ಇಲ್ಲಿ ನಡೆಯುವುದಿಲ್ಲ. ಇಲ್ಲಿಗೆ ಹೊಂದುವ ಪಾಠ ಬರ್ಮಾದ್ದು.

ಬರ್ಮಾದ ಕಾಡುಗುಡ್ಡಗಳಲ್ಲಿ ಟ್ಯಾಂಕು ಬಳಸಿದ್ದು ಹೇಗೆ?

ಮೊದಲು ಕೆಟ್ಟದಾಗಿ. 1943ರ ಫೆಬ್ರವರಿಯಲ್ಲಿ ಅರಕಾನ್ ಕರಾವಳಿಯ ಡಾನ್‌ಬೈಕ್‌ನಲ್ಲಿ ಬರೀ 8 ವ್ಯಾಲೆಂಟೈನ್ ಟ್ಯಾಂಕುಗಳನ್ನು ಜಪಾನೀ ಬಂಕರುಗಳ ಮೇಲೆ ಬಿಟ್ಟರು. ಕೆಲವು ಹಳ್ಳಕ್ಕೆ ಬಿದ್ದವು, ದಾಳಿ ಮುಗ್ಗರಿಸಿತು. ಕಂತು ಕಂತಾಗಿ ಟ್ಯಾಂಕು ಬಿಡಬಾರದು ಎಂದು ಬ್ರಿಟಿಷ್ ಜನರಲ್ ಸ್ಲಿಮ್ ಆಗಲೇ ವಾದಿಸಿದ್ದರು.

ಮರುವರ್ಷದ ಹೊತ್ತಿಗೆ ಒಂದು ಕ್ರಮ ಗಟ್ಟಿಯಾಯಿತು. ಬಂಕರ್ ಎಂದರೆ ದಪ್ಪ ದಿಮ್ಮಿ, ಮೇಲೆ ಐದಾರು ಅಡಿ ಮಣ್ಣು, ಅದರ ಮೇಲೆ ಬೆಳೆದ ಗಿಡ. ಮೊದಲು ತಾಗಿದ ಕೂಡಲೇ ಸಿಡಿಯುವ ಗುಂಡು ಹೊಡೆದು ಬಿದಿರು, ಪೊದೆಗಳನ್ನು ಕಿತ್ತುಹಾಕುವುದು. ಕಿಂಡಿ ಕಂಡ ಮೇಲೆ ಒಳಹೊಕ್ಕು ತಡೆದು ಸಿಡಿಯುವ ಗುಂಡಿನಿಂದ ದಿಮ್ಮಿ ಒಡೆಯುವುದು. ಕಾಲಾಳು ತೀರಾ ಹತ್ತಿರ ಬಂದಾಗ ಸಿಡಿಯುವ ಗುಂಡು ನಿಲ್ಲಿಸಿ ಗಟ್ಟಿ ಉಕ್ಕಿನ ಗುಂಡು ಹೊಡೆಯುವುದು. ಅದು ಸಿಡಿಯುವುದಿಲ್ಲ, ಚೂರು ಹಾರುವುದಿಲ್ಲ, ಆದರೂ ಒಳಗಿನವನು ತಲೆಯೆತ್ತಲಾರ. ಹಾಮೆಲ್‌ನ 75 ಗಜ ಇಲ್ಲಿ ಕೆಲವೇ ಗಜಕ್ಕೆ ಇಳಿಯಿತು.

1944ರ ಏಪ್ರಿಲ್ 13ರಂದು ಇಂಫಾಲ ಬಯಲಿನ ಅಂಚಿನ ನುನ್‌ಶಿಗುಮ್ ಗುಡ್ಡಕ್ಕೆ ಬ್ರಿಟಿಷ್ ಟ್ಯಾಂಕು ರೆಜಿಮೆಂಟ್ 3ನೇ ಕ್ಯಾರಬಿನಿಯರ್ಸ್‌ನ ಲೀ ಟ್ಯಾಂಕುಗಳು ಭಾರತೀಯ ಕಾಲಾಳು ಬೆಟಾಲಿಯನ್ 1/17 ಡೋಗ್ರಾ ಜೊತೆ ಹತ್ತಿದವು. ಬಯಲಿನಿಂದ ಸುಮಾರು 1,000 ಅಡಿ ಏರು. ಮೇಲಿನ ಏಣು ಒಂದು ಟ್ಯಾಂಕಿನಷ್ಟೇ ಅಗಲ. ಕಮಾಂಡರುಗಳು ತಲೆ ಹೊರಗೆ ಹಾಕದೆ ದಾರಿ ಕಾಣುತ್ತಿರಲಿಲ್ಲ, ಹಾಕಿದವರು ಗುಂಡಿಗೆ ಬಿದ್ದರು. ಟ್ಯಾಂಕಿನ ಅಧಿಕಾರಿಗಳೆಲ್ಲ ಬಿದ್ದ ಮೇಲೆ ಸಾರ್ಜೆಂಟ್ ಮೇಜರ್ ಕ್ರಾಡಕ್, ಡೋಗ್ರಾ ಸುಬೇದಾರರ ಜೊತೆ ಮಾತಾಡಿಕೊಂಡು ಗುಡ್ಡ ಹಿಡಿದರು. ಅಷ್ಟು ಕಡಿದಾದ ಏರಿಗೆ ಟ್ಯಾಂಕು ಹತ್ತುತ್ತದೆ ಎಂದು ಜಪಾನೀಯರು ಎಣಿಸಿರಲಿಲ್ಲ.

ಕನ್ನಡ ನೆಲದವರು ಯಾರಾದರೂ?

ಕೊಡಗಿನ ಕೆ.ಎಸ್. ತಿಮ್ಮಯ್ಯ. 1948ರ ನವೆಂಬರ್ 1ರಂದು ಕಾಶ್ಮೀರದಿಂದ ಲಡಾಖ್‌ಗೆ ಹೋಗುವ, 11,000 ಅಡಿ ಮೀರಿದ ಜೋಜಿ ಲಾ ಕಣಿವೆಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕು ನುಗ್ಗಿಸಿದರು. ಗುಟ್ಟು ಬಯಲಾಗದಂತೆ ಗೋಪುರ ಬಿಚ್ಚಿ ಸಾಗಿಸಿದ್ದರು. ಟ್ಯಾಂಕು ಹೋಗುವಷ್ಟು ದಾರಿ ಕಡಿದವರು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್.

ಹಳ್ಳಿಯ ಒಳಗೆ ಯಾರು ಮುಂದೆ?

ಬಯಲಲ್ಲಿ ಟ್ಯಾಂಕು ಮುಂದೆ, ಓಣಿಯಲ್ಲಿ ಕಾಲಾಳು ಮುಂದೆ. ಟ್ಯಾಂಕು ಓಣಿಯ ಬಾಯಲ್ಲಿ ನಿಂತು ಗೋಡೆ ಒಡೆದು ಕೊಡುತ್ತದೆ, ಕಾಲಾಳು ಆ ತೂತಿನಿಂದ ಒಳಹೋಗುತ್ತಾರೆ. ಬಾಗಿಲಿನಿಂದ ಹೋಗುವುದಿಲ್ಲ, ಬಾಗಿಲಿಗೆ ಗುರಿಯಿಟ್ಟು ಒಳಗೆ ಒಬ್ಬ ಕೂತಿರುತ್ತಾನೆ. 1945ರ ಮಾರ್ಚ್‌ನಲ್ಲಿ ಬರ್ಮಾದ ಮೇಕ್ಟಿಲಾದಲ್ಲಿ ಜಪಾನೀ ಸಿಪಾಯಿಗಳು ರಸ್ತೆಯ ಗುಂಡಿಗಳಲ್ಲಿ 250 ಕಿಲೋ ವಿಮಾನ ಬಾಂಬನ್ನು ಮಂಡಿಯ ನಡುವೆ ಇಟ್ಟುಕೊಂಡು, ಟ್ಯಾಂಕು ಮೇಲೆ ಬಂದಾಗ ಕಲ್ಲಿನಿಂದ ಕುಟ್ಟಲು ಕಾದಿದ್ದರು. ಅವರನ್ನು ಕಂಡು ಹೊಡೆದದ್ದು ಟ್ಯಾಂಕಿನ ಪಕ್ಕ ನಡೆಯುತ್ತಿದ್ದ ಕಾಲಾಳು.

ಗದ್ದಲದಲ್ಲಿ ಇಬ್ಬರೂ ಮಾತಾಡುವುದು ಹೇಗೆ?

ಎರಡನೇ ಮಹಾಯುದ್ಧದ ಹೊತ್ತಿಗೆ ಟ್ಯಾಂಕಿನ ಹಿಂಬದಿಗೆ ಒಂದು ಪೆಟ್ಟಿಗೆಯಲ್ಲಿ ಟೆಲಿಫೋನ್ ಬಂತು. ಅದಿಲ್ಲದಿದ್ದರೆ ಬೆಳಕುಗುಂಡು ಹೊಡೆದು ಗುರಿ ತೋರಿಸುವುದು, ಬಣ್ಣದ ಹೊಗೆ, ಕೊನೆಗೆ ಬಂದೂಕಿನ ಹಿಡಿಯಿಂದ ತಗಡು ಬಡಿಯುವುದು.

ಹಳ್ಳಿ ಹಿಡಿದ ಮೇಲೆ ದಾಳಿ ಮುಗಿಯಿತಲ್ಲವೇ?

ಇಲ್ಲ, ಅಲ್ಲಿಂದ ಮುಂದೆಯೇ ಹೆಚ್ಚು ಜನ ಸಾಯುವುದುಂಟು. ಕಳೆದುಕೊಂಡವರಿಗೆ ಆ ಹಳ್ಳಿಯ ಒಂದೊಂದು ಮೂಲೆಯ ದೂರವೂ ಗೊತ್ತಿರುತ್ತದೆ, ಅವರ ಫಿರಂಗಿ ತಡಕಾಡದೆ ಬಂದು ಬೀಳುತ್ತದೆ. ಊರೊಳಗೆ ನಿಲ್ಲದೆ ಆಚೆಯ ಅಂಚಿಗೆ ಹೋಗಿ ಹೊಸ ಟ್ರೆಂಚು ತೋಡಬೇಕು. ದಣಿದವರಿಗೆ ಗುದ್ದಲಿ ಹಿಡಿಸುವುದು ಕಷ್ಟ, ಸಾಮಾನು ಬಾರದಿದ್ದರೆ ಇನ್ನೂ ಕಷ್ಟ. ಬುಲೆಕೂರ್ ಸೋತದ್ದು ಇಲ್ಲೇ.

ಹಾಮೆಲ್‌ನ ಆ 4 ಸಾಮಾನಿನ ಟ್ಯಾಂಕುಗಳನ್ನು ಯಾರೂ ಚಿತ್ರದಲ್ಲಿ ತೋರಿಸುವುದಿಲ್ಲ. ಒಂದೊಂದರಲ್ಲೂ 134 ಸುರುಳಿ ಮುಳ್ಳುತಂತಿ, 450 ಗೂಟ, 45 ತಗಡು, 50 ಡಬ್ಬಿ ನೀರು, 10,000 ತೋಟಾ, 20 ಪೆಟ್ಟಿಗೆ ಕೈಬಾಂಬು. ತಲೆಹೊರೆಯಲ್ಲಿ ಸಾಗಿಸಿದ್ದರೆ ನಾಲ್ಕು ಟ್ಯಾಂಕಿನ ಸಾಮಾನಿಗೆ ಸುಮಾರು 1,200 ಆಳು ಬೇಕಿತ್ತು. ವಿಮಾನಗಳು ಪ್ಯಾರಾಚೂಟಿನಲ್ಲಿ ತೋಟಾ ಇಳಿಸಿದ್ದೂ ಉಂಟು.

ಶಿವಮೊಗ್ಗದಲ್ಲಿ ಹೋಲುವಂಥ ಕಾಳಗ ನಡೆದಿದೆಯೇ?

ಟ್ಯಾಂಕಿಲ್ಲದ ಕಾಲದ್ದು. 1791ರ ಡಿಸೆಂಬರ್ 29ರಂದು ಟಿಪ್ಪುವಿನ ಕಡೆಯ ರಜಾ ಸಾಹೇಬ್, ಒಂದು ಪಕ್ಕಕ್ಕೆ ತುಂಗೆ, ಇನ್ನೊಂದು ಪಕ್ಕಕ್ಕೆ ದಟ್ಟ ಕಾಡು, ಮುಂದೆ ಆಳದ ಕೊರಕಲು ಇಟ್ಟುಕೊಂಡು ನೆಲೆನಿಂತಿದ್ದರು. ಪರಶುರಾಮ ಭಾವೂನ ಮರಾಠಾ ಸೇನೆಯ ಕುದುರೆಗಳಿಗೆ ಆ ಜಾಗ ಏನೇನೂ ಒಗ್ಗಲಿಲ್ಲ. ಒಳಹೊಕ್ಕದ್ದು ಮರಾಠರ ಜೊತೆಗಿದ್ದ ಬ್ರಿಟಿಷ್ ಕ್ಯಾಪ್ಟನ್ ಲಿಟಲ್‌ನ ಬೊಂಬಾಯಿ ಸಿಪಾಯಿಗಳು, ಕಾಲ್ನಡಿಗೆಯಲ್ಲಿ. ಕೆಲವೇ ದಿನದಲ್ಲಿ ಶಿವಮೊಗ್ಗದ ಕೋಟೆಯೂ ಶರಣಾಯಿತು. ವೇಗದ ಅಂಗ ನೆಲಕ್ಕೆ ಹೊಂದದಿದ್ದಾಗ ಕೆಲಸ ಕಾಲಾಳಿನ ಮೇಲೆ ಬೀಳುತ್ತದೆ ಎನ್ನುವುದಕ್ಕೆ ಮನೆ ಬಾಗಿಲಿನ ಉದಾಹರಣೆ.

ಕಾಲೇಜಿನಲ್ಲಿ ಹಾಮೆಲ್‌ನ ಮರಳು ಮಾದರಿ ಮಾಡುವುದು ಹೇಗೆ?

8 ಅಡಿಗೆ 4 ಅಡಿಯ ಒಂದು ಪ್ಲೈವುಡ್ ಹಲಗೆ, ಸುತ್ತ 4 ಇಂಚಿನ ಪಟ್ಟಿ. 3 ಇಂಚು ದಪ್ಪಕ್ಕೆ 8 ಘನ ಅಡಿ ಮರಳು ಬೇಕು. ಒಣಗಿದ್ದರೂ 350 ಕಿಲೋ ದಾಟುತ್ತದೆ. ಮೇಜಿನ ಮೇಲೆ ಇಟ್ಟರೆ ಹಲಗೆ ಬಗ್ಗುತ್ತದೆ, ನೆಲದ ಮೇಲೇ ಇಡಿ. ಎಂ-ಸ್ಯಾಂಡ್ ಆದರೆ ಸ್ವಲ್ಪ ನೀರು ಚಿಮುಕಿಸಿದರೆ ಆಕಾರ ನಿಲ್ಲುತ್ತದೆ.

ಅಳತೆ ಸಾವಿರಕ್ಕೆ ಒಂದು. 100 ಗಜ ಎಂದರೆ 9 ಸೆಂಟಿಮೀಟರ್. ದಾಳಿ ಸಾಗಿದ ಸುಮಾರು 2,000 ಗಜ 1.83 ಮೀಟರ್ ಆಗುತ್ತದೆ, ಹಲಗೆಯ ಉದ್ದದಲ್ಲಿ ಕೂರುತ್ತದೆ. ಎತ್ತರವನ್ನು ಮಾತ್ರ ಎರಡರಷ್ಟು ಮಾಡಿ, ಇಲ್ಲದಿದ್ದರೆ ಹಳ್ಳಿಯ ಹಿಂದಿನ ವುಲ್ಫ್ಸ್‌ಬರ್ಗ್ ದಿಬ್ಬ ಕಣ್ಣಿಗೇ ಬೀಳುವುದಿಲ್ಲ. ಹಳ್ಳಿಯ ಹತ್ತಿರದ ವೇರ್ ಕಾಡಿಗೆ ಅಡಿಕೆ ಸಿಪ್ಪೆ, ಟ್ಯಾಂಕಿಗೆ ಕಾಫಿ ಬೀಜ, ಪರದೆಗೆ ಬಿಳಿ ದಾರ.

ಗಡಿಯಾರ ಇಟ್ಟು ದಾರವನ್ನು 3 ನಿಮಿಷಕ್ಕೊಮ್ಮೆ 9 ಸೆಂಟಿಮೀಟರ್ ಸರಿಸಿ. ಅರ್ಧ ದಾರಿಯಲ್ಲಿ 10 ನಿಮಿಷ ನಿಲ್ಲಿಸಿ, ಸಾಲುಗಳು ಸರಿಯಾಗಲು ಅಲ್ಲೂ ನಿಲ್ಲಿಸಿದ್ದರು. ದಾರ ಸರಿಸುವವರು, ಟ್ಯಾಂಕು ಸರಿಸುವವರು, ಕಾಲಾಳು ಸರಿಸುವವರು ಮೂರು ಬೇರೆ ಬೇರೆ ಜನರಿರಲಿ, ಪರಸ್ಪರ ಮಾತಾಡಬಾರದು. ಅರ್ಧ ಗಂಟೆಗೆ ಅಳತೆಪಟ್ಟಿ ಹಿಡಿದು ನೋಡಿ. ದಾರಕ್ಕೂ ಕಾಲಾಳಿಗೂ ನಡುವೆ 7 ಸೆಂಟಿಮೀಟರ್ ಇರಬೇಕು, ಸಾಮಾನ್ಯವಾಗಿ 20 ದಾಟಿರುತ್ತದೆ. ಎರಡನೇ ಸುತ್ತಿನಲ್ಲಿ ಮಾತಾಡಲು ಬಿಡಿ, ಮೂರನೇ ಸುತ್ತಿನಲ್ಲಿ ಎರಡು ಕಾಫಿ ಬೀಜಗಳನ್ನು ಹೇಳದೆ ಕೇಳದೆ ಎತ್ತಿಬಿಡಿ.